ಗರಿ ಕಟ್ಟಿದ ಮೂರು ಗಾಳ

ನನ್ನ ಹತ್ತಿರ ಇದ್ದದ್ದು ಮೂರೇ ಗಾಳ. ಮೂರಕ್ಕೂ ಎತ್ತಿನ ಹೆಸರು ಇಟ್ಟಿದ್ದೆ: ಕೆಂಚ, ಮಾಸ, ಬಿಳಿಯ. ಕೆಂಚನಿಗೆ ಕೆಂಪು ಹುಂಜದ ಕುತ್ತಿಗೆಯ ಗರಿ. ಮಾಸನಿಗೆ ಬೂದುಬಣ್ಣದ ಕೋಳಿಯದು. ಬಿಳಿಯನಿಗೆ ಬಿಳಿ ಗರಿ, ಹಳದಿ ದಾರದ ಮೈ. ಸಣ್ಣ ಕೊಕ್ಕೆಗೆ ಗರಿ ಸುತ್ತಿ, ದಾರ ಬಿಗಿದು, ಮೇಲೆ ಇಷ್ಟು ಮೇಣ ಸವರಿದರೆ ಮುಗಿಯಿತು. ನೀರಿಗೆ ಬಿಟ್ಟರೆ ಮುಳುಗದೆ ತೇಲುತ್ತದೆ. ಮೀನು ಹುಳು ಬಿತ್ತೆಂದು ತಿಳಿದು ಮೇಲೆ ಬಂದು ಬಾಯಿ ಹಾಕುತ್ತದೆ. ಇದರಲ್ಲಿ ಮಹಾ ವಿದ್ಯೆ ಏನೂ ಇಲ್ಲ.

ನಾನು ಸಿಂಧನೂರಿನಲ್ಲಿ ಟೇಲರ್. ಹುಟ್ಟಿದ್ದು ಮಸ್ಕಿ, ಮಷಿನ್ ತುಳಿದದ್ದೆಲ್ಲ ಇಲ್ಲಿ. ಬಹಳ ವರ್ಷದ ಹಿಂದೆ ಎಲ್ಲಿಂದಲೋ ವರ್ಗವಾಗಿ ಬಂದ ಒಬ್ಬ ಸಾಹೇಬರು ಅಂಗಿ ಸಣ್ಣ ಮಾಡಿಸಲು ಕೊಟ್ಟಿದ್ದರು. ಅದರ ಜೇಬಿನಲ್ಲಿ ಇಂಥದ್ದೊಂದು ಗರಿ ಗಾಳ ಸಿಕ್ಕಿತು. ಕೇಳಿದರೆ, ತಣ್ಣೀರಿನ ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಅನ್ನುವ ಮೀನು ಇರುತ್ತದೆ, ಅದಕ್ಕೆ ಇದನ್ನು ಹಾಕುತ್ತಾರೆ ಎಂದರು. ಮನೆಯಲ್ಲಿ ಡಬ್ಬಿ ತುಂಬ ಇವೆಯಂತೆ, ನೂರಾರು ತರದವು. ‘ಹಂಗಾರ ಮೀನ ಭಾಳ ಹಿಡದೀರೇನ್ರಿ?’ ಎಂದೆ. ಸಾಹೇಬರು ನಕ್ಕು ಮಾತು ತಿರುಗಿಸಿದರು. ಆ ಗಾಳವನ್ನು ನನಗೇ ಬಿಟ್ಟು ಹೋದರು.

ಟೇಲರ್‌ಗಳಿಗೆ ಒಂದು ಚಟ ಇರುತ್ತದೆ. ಹೊಸ ಕಟಿಂಗ್ ಕಂಡರೆ ಹೊಲಿಗೆ ಬಿಚ್ಚಿ ನೋಡಬೇಕು. ಬಿಚ್ಚದೆ ಹೋದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ನಾನು ಗಾಳವನ್ನೂ ಹಾಗೇ ದಾರ ದಾರ ಬಿಚ್ಚಿದೆ. ಎಲ್ಲಿ ಸುರು, ಎಲ್ಲಿ ಸುತ್ತು, ಎಲ್ಲಿ ಗಂಟು ಎಂಬುದು ಗೊತ್ತಾಯಿತು. ಆಮೇಲೆ ಸುಮ್ಮನೆ ಕೂರಬೇಕಲ್ಲ? ನವಿಲುಗರಿ ಹಾಕಿದೆ, ಜರಿ ದಾರ ಹಾಕಿದೆ, ಗಿಣಿ ಹಸಿರು, ಅರಿಶಿಣ, ಏನೇನೋ. ನನ್ನ ಹೆಂಡತಿ ಒಂದೊಂದನ್ನೇ ಎತ್ತಿ ನೋಡಿ, ‘ಇವು ಮೀನ ಹಿಡೀಲಿಕ್ಕೆ ಹೊಂಟಾವೋ, ಮದಿವಿ ಮನಿಗೆ ಹೊಂಟಾವೋ ಮಾಮಾ?’ ಅನ್ನುತ್ತಿದ್ದಳು. ಅವಳು ಹೇಳಿದ್ದೇ ಖರೆ ಆಯಿತು. ಕಾಲುವೆಯ ಮೀನು ಜರಿಗೆ ಮರುಳಾಗಲಿಲ್ಲ. ಕೊನೆಗೆ ಉಳಿದವು ಈ ಮೂರು. ಬೆಳಗಿಗೆ ಕೆಂಚ, ಮೋಡ ಮುಸುಕಿದ ದಿನಕ್ಕೆ ಮಾಸ, ಬೆಳಕು ಕಡಿಮೆ ಇದ್ದಾಗ ನನ್ನ ಕಣ್ಣಿಗೆ ಕಾಣಲಿ ಎಂದು ಬಿಳಿಯ. ಇವು ಕೈ ಕೊಟ್ಟ ದಿನ ಬೇರೆ ಯಾವುದಕ್ಕೂ ಮೀನು ಬರುತ್ತಿರಲಿಲ್ಲ, ಹಾಗಾಗಿ ಬೇರೆಯವನ್ನು ಕಟ್ಟುವುದೇ ಬಿಟ್ಟೆ.

ಅವಳು ನನ್ನನ್ನು ಮಾಮಾ ಅನ್ನುತ್ತಿದ್ದದ್ದು ಯಾಕೆಂದರೆ, ಅವಳು ನನ್ನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಇದು ಹೊಸದಲ್ಲ. ಅಕ್ಕ ಮಸ್ಕಿಯಲ್ಲಿದ್ದಾಳೆ. ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಬೈಯುವಾಗ ಮಾತ್ರ ಎರಡೂ ಹಕ್ಕು ಚಲಾಯಿಸುತ್ತಾಳೆ.

ಮೊದಲು ಎಲ್ಲರಂತೆ ನಾನೂ ಎರೆಹುಳು ಚುಚ್ಚಿಯೇ ಗಾಳ ಹಾಕುತ್ತಿದ್ದೆ, ಗರಿ ಗಾಳ ಆಟಕ್ಕೆ ಇತ್ತು. ಆಮೇಲೆ ಸಕ್ಕರೆ ಕಾಯಿಲೆ ಬಂತು. ನೆಲ್ಲು ಬೆಳೆಯುವ ಊರಿನಲ್ಲಿ ಮೂರು ಹೊತ್ತೂ ಅನ್ನ ಬಡಿದರೆ ಇನ್ನೇನು ಬರುತ್ತದೆ? ಪಾದಗಳಿಗೆ ಜೋಮು ಹಿಡಿಯಿತು, ಮುಂದೆ ಬೆರಳಿಗೂ ಬಂತು. ಸೂಜಿ ಚುಚ್ಚಿದರೆ ಗೊತ್ತಾಗದಂತಾಯಿತು. ಡಾಕ್ಟರು, ‘ನರ ಸತ್ತಾವ, ಗುಳಿಗಿ ಬಿಡಬ್ಯಾಡ್ರಿ’ ಎಂದರು. ಎರೆಹುಳುವಿನ ಗಾಳದಲ್ಲಿ ಮೀನು ಕಚ್ಚಿದ್ದು ದಾರದ ಮೇಲಿನ ಬೆರಳಿಗೆ ತಿಳಿಯಬೇಕು. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಮೀನುಗಳು ಹುಳು ತಿಂದು ಕೈ ತೊಳೆದುಕೊಂಡು ಹೋದವು. ಆಗ ನಾನು ಗರಿ ಗಾಳಕ್ಕೆ ಬಂದದ್ದು. ಅದು ನೀರಿನ ಮೇಲೇ ಇರುತ್ತದೆ, ಮೀನು ಬಾಯಿ ಹಾಕಿದ್ದು ಕಣ್ಣಿಗೆ ಕಾಣುತ್ತದೆ. ಬೆರಳು ಸತ್ತರೂ ಕಣ್ಣು ನೆಟ್ಟಗಿತ್ತಲ್ಲ.

ಅಂಗಡಿಯಲ್ಲಿ ಕಾಜ, ಗುಂಡಿ, ಅಂಚು ಮಡಿಸಿ ಹಾಕುವ ತುರಪಾಯಿ ಎಲ್ಲ ಅವಳ ಪಾಲಿಗೆ ಹೋಯಿತು. ಮಷಿನ್ ಮಾತ್ರ ನನ್ನದು. ಗಾಳಕ್ಕೆ ದಾರದ ಗಂಟು ಹಾಕುವುದೂ ಅವಳೇ. ನೈಲಾನ್ ದಾರವನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಸುತ್ತಿ, ಉಗುಳು ಹಚ್ಚಿ ಬಿಗಿದು, ಉಳಿದ ತುದಿಯನ್ನು ಹಲ್ಲಿನಿಂದ ಕಟಕ್ಕೆಂದು ಕಡಿಯುತ್ತಿದ್ದಳು. ಕತ್ತರಿ ಎದುರಿಗೇ ಇರುತ್ತಿತ್ತು, ಆದರೂ ಹಲ್ಲೇ ಬೇಕು. ‘ನಿನ್ನ ಎಂಜಲಿಗೇ ಮೀನ ಬರ್ತಾವ ನೋಡು’ ಎಂದರೆ, ‘ಬರ್ಲಿ ಬಿಡು, ತಿನ್ನಾಕಿನೂ ನಾನ’ ಅನ್ನುತ್ತಿದ್ದಳು.

ಅದು ನಿಜ. ನಾನು ಹೋಗುತ್ತಿದ್ದದ್ದು ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಕಡೆಯ ಉಪಕಾಲುವೆಗೆ. ಅಲ್ಲಿ ಒಂದು ಕಡೆ ನೀರು ಕಟ್ಟೆಯಿಂದ ಧುಮುಕಿ, ಕೆಳಗೆ ಮಡು ಆಗಿ, ನಿಧಾನ ಮಾಡಿಕೊಂಡು ಮುಂದೆ ಗದ್ದೆಗೆ ಹೋಗುತ್ತದೆ. ಆ ಮಡುವಿನಲ್ಲಿ ಬೆರಳುದ್ದದ, ಗೇಣುದ್ದದ ಬಿಳಿ ಮೀನುಗಳು ಮೇಲೆ ಮೇಲೆ ಆಡುತ್ತವೆ. ಮೈ ತುಂಬ ಮುಳ್ಳು. ಮಾರುವವರು ಅವನ್ನು ಮುಟ್ಟುವುದಿಲ್ಲ. ನನ್ನ ಹೆಂಡತಿಗೆ ಮಾತ್ರ ಅವೇ ಬೇಕು. ಜೋಳದ ಹಿಟ್ಟು, ಖಾರ, ಉಪ್ಪು ಹಚ್ಚಿ ಕರಿಯುತ್ತಿದ್ದಳು. ನಮ್ಮ ಓಣಿಯಲ್ಲಿ ಲಿಂಗ ಕಟ್ಟಿದವರ ಮನೆಗಳೇ ಜಾಸ್ತಿ, ವಾಸನೆ ಹೋದರೆ ನಾಚಿಕೆ ಎಂದು ಹಿತ್ತಲ ಬಾಗಿಲು ಹಾಕಿ, ಕೆಂಡದ ಮೇಲೆ ಲೋಬಾನ ಹಾಕುತ್ತಿದ್ದಳು. ಓಣಿಗೆಲ್ಲ ಗೊತ್ತಿತ್ತು. ಲೋಬಾನದ ಹೊಗೆ ಕಂಡರೆ ಎದುರು ಮನೆಯ ಅವ್ವ, ‘ಏನವಾ, ಇವತ್ತ ಮೀನೇನ?’ ಎಂದು ಬೀದಿಯಲ್ಲೇ ಕೇಳುತ್ತಿದ್ದಳು.

ಇನ್ನು ತಿನ್ನುವುದು! ಅಯ್ಯ ಶಿವನೆ, ಅಷ್ಟು ಸಾವಕಾಶ ತಿನ್ನುವವರನ್ನು ನಾನು ಕಂಡಿಲ್ಲ. ಒಂದೊಂದೇ ಮುಳ್ಳು ತೆಗೆದು ತಾಟಿನ ಅಂಚಿಗೆ ಸಾಲಾಗಿ ಇಡಬೇಕು. ನಾನು ಉಂಡು, ಕೈ ತೊಳೆದು, ಗುಳಿಗೆ ನುಂಗಿ, ಒಂದು ಸಣ್ಣ ನಿದ್ದೆ ತೆಗೆದು ಎದ್ದರೂ ಅವಳ ತಾಟಿನಲ್ಲಿ ಇನ್ನೊಂದು ಮೀನು ಇರುತ್ತಿತ್ತು. ‘ಮೀನ ತಿನ್ನಾಕತ್ತೀಯೋ, ಅದಕ್ಕ ಬ್ಲೌಸ್ ಹೊಲ್ಯಾಕತ್ತೀಯೋ?’ ಎಂದರೆ ತಲೆ ಎತ್ತುತ್ತಿರಲಿಲ್ಲ.

ಈ ವರ್ಷ ಕಾರಹುಣ್ಣಿಮೆ ಆಗಿ ಸ್ವಲ್ಪ ದಿನಕ್ಕೆ ಅವಳು ಹೋದಳು. ಅಂಗಡಿಯಲ್ಲಿ ಕಾಜ ಹಾಕುತ್ತಿದ್ದವಳು, ‘ಎದಿ ಹಿಡದಂಗ ಆಗೈತಿ ಮಾಮಾ’ ಎಂದು ಬಟ್ಟೆಯ ರಾಶಿಗೆ ಒರಗಿದಳು. ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಯಾರದೋ ಅಂಗಿ ಅವಳ ಮಡಿಲಲ್ಲಿತ್ತು, ಸೂಜಿ ಅರ್ಧ ಕಾಜದಲ್ಲಿ ನಿಂತಿತ್ತು.

ನಾನು ಅಳಲಿಲ್ಲ. ಬೇಕೆಂದು ಬಿಗಿ ಹಿಡಿದದ್ದಲ್ಲ, ಬರಲಿಲ್ಲ ಅಷ್ಟೆ. ಮಸ್ಕಿಯಲ್ಲಿ ಮಣ್ಣು ಮಾಡಿದೆವು. ಅಕ್ಕ ಎದೆ ಎದೆ ಬಡಿದುಕೊಂಡು ಅತ್ತಳು. ಲಿಂಗಸುಗೂರಿಗೆ ಕೊಟ್ಟ ನಮ್ಮ ಮಗಳು ಅತ್ತು ಅತ್ತು ದನಿ ಕಳೆದುಕೊಂಡಳು. ಬಂದ ಹೆಂಗಸರು ನನ್ನ ಕಡೆ ನೋಡಿ, ಕಲ್ಲ ಎದಿ ನೋಡಬೇ ಇಂವಂದು ಎಂದು ತಮ್ಮತಮ್ಮಲ್ಲೇ ಅಂದದ್ದು ನನ್ನ ಕಿವಿಗೆ ಬಿತ್ತು. ಅಕ್ಕ ಎಲ್ಲರೆದುರೇ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ‘ಒಂದ ಹನಿ ಹಾಕಲೇ ಆಕಿಗೆ! ಇಷ್ಟ ವರ್ಷ ನಿನ್ನ ಜೋಡಿ ಬಾಳೇವು ಮಾಡ್ಯಾಳ’ ಎಂದಳು. ನಾನು ಅವಳ ಕೈಯ ಬಳೆ ನೋಡುತ್ತ ನಿಂತಿದ್ದೆ. ಬಳೆಯ ಬಣ್ಣ ಈಗಲೂ ಹೇಳಬಲ್ಲೆ. ಒಳಗೆ ಏನಾಯಿತು ಎಂದು ಕೇಳಿದರೆ ಹೇಳಲು ಏನೂ ಇಲ್ಲ.

ಆಮೇಲಿನ ತಿಂಗಳುಗಳೂ ಹಾಗೇ ಕಳೆದವು. ಬೆಳಿಗ್ಗೆ ಎದ್ದೆ, ಗುಳಿಗೆ ತಿಂದೆ, ಅಂಗಡಿ ತೆಗೆದೆ, ಸ್ಕೂಲಿನ ಪ್ಯಾಂಟು ಹೊಲಿದೆ. ಕಾಜಕ್ಕೆ ಬಟ್ಟೆಯನ್ನು ಬೇರೆ ಅಂಗಡಿಗೆ ಕೊಟ್ಟು ತರಿಸಿದೆ. ಗಂಗಾವತಿ ರೋಡಿನ ಟ್ರ್ಯಾಕ್ಟರು, ಲಾರಿ, ಧೂಳು ಎಲ್ಲ ಹಾಗೇ ಇತ್ತು. ಕಾಲುವೆಗೆ ನೀರು ಬಿಟ್ಟರು, ನಾಟಿ ಆಯಿತು, ಗದ್ದೆ ಹಸಿರಾಯಿತು. ಗಾಳದ ಬಿದಿರು ಕೋಲನ್ನು ಮೂಲೆಯಿಂದ ತೆಗೆಯಲಿಲ್ಲ. ಅದರ ತುದಿಗೆ ದಾರ ಸುತ್ತಿ ಬಿಳಿಯನನ್ನು ಸಿಕ್ಕಿಸಿ ಇಟ್ಟದ್ದು ಬೇಸಿಗೆಯಲ್ಲಿ, ನೀರು ಬಂದ್ ಆಗುವ ಮುಂಚೆ. ಆ ಗಂಟು ಅವಳು ಹಾಕಿದ್ದು. ಕಣ್ಣಿಗೆ ಬೀಳುತ್ತಿತ್ತು, ಮುಟ್ಟುತ್ತಿರಲಿಲ್ಲ.

ಮಾನವಮಿ ಅಮಾವಾಸ್ಯೆ ಬಂತು. ಹಿರಿಯರ ಹಬ್ಬ. ತೀರಿಕೊಂಡವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಸೇರುತ್ತಿದ್ದ ಅಡುಗೆ ಮಾಡಿ ಎಡೆ ಇಡುವ ದಿನ. ಈ ಸಲ ಅವಳನ್ನೂ ಹಿರಿಯರ ಸಾಲಿಗೆ ಸೇರಿಸಬೇಕು. ಹಿಂದಿನ ದಿನ ಮಗಳು ಲಿಂಗಸುಗೂರಿನಿಂದ ಹೊರಟಳು, ಅದೇ ಬಸ್ಸಿಗೆ ಮಸ್ಕಿಯಲ್ಲಿ ಅಕ್ಕ ಹತ್ತಿದಳು. ಇಬ್ಬರೂ ಒಟ್ಟಿಗೆ ಬಂದಿಳಿದರು.

ಅಕ್ಕ ಕಾಲು ತೊಳೆಯುವ ಮುಂಚೆಯೇ ಸುರು ಮಾಡಿದಳು. ‘ಹೋಳಿಗಿ, ಕಡಬು ಎಲ್ಲಾ ಆಕೈತಿ. ಆಕಿಗೆ ಸೇರೋದು ಮೀನ. ಅದು ಇಲ್ಲಾಂದ್ರ ಎಡಿ ಇಟ್ಟೂ ಇಡದಂಗ.’

‘ನಾಳೆ ಮುಂಜಾನಿ ಮಾರ್ಕೆಟ್‌ನ್ಯಾಗ ತಂದ್ರಾತು ತಗೋ ಆಯೀ’ ಎಂದಳು ಮಗಳು.

‘ಮಾರ್ಕೆಟ್ ಮೀನ ಆಕಿ ಜನ್ಮದಾಗ ಮೂಸಿಲ್ಲ. ಗಂಡ ತಂದ ಮುಳ್ಳಿನ ಮೀನ ತಿಂದಾಕಿ. ಈಗ ಆಕಿ ಬಂದು ನೋಡಿ ಹಂಗ ಹೋಗಲೇನು?’ ಅಕ್ಕ ಇದನ್ನು ಮಗಳಿಗೆ ಹೇಳಿದಳು, ನೋಡಿದ್ದು ನನ್ನನ್ನು.

‘ನಾ ತರ್ತೀನಿ’ ಎಂದೆ.

ಮಗಳು ನನ್ನ ಬೆರಳುಗಳನ್ನು ನೋಡಿದಳು. ‘ಗಂಟು ಯಾರ್ ಹಾಕ್ತಾರಪ್ಪಾ? ನಾ ಹಾಕಿ ಕೊಡ್ಲೇನು?’ ಬೇಡ ಎಂದೆ. ಯಾಕೆ ಬೇಡ ಎಂದೆನೋ, ಹಟಕ್ಕೇ ಇರಬೇಕು. ಸತ್ತವಳಿಗೆ ಒಂದು ಹನಿ ಕಣ್ಣೀರು ಕೊಡಲಾಗದವನು ನಾನು. ಅವಳ ತಾಟಿಗೆ ಅವಳ ಮೀನನ್ನಾದರೂ ನನ್ನ ಕೈಯಿಂದ ಹಿಡಿದು ತಂದು ಹಾಕಬೇಕು. ಅದೂ ಆಗದೆ ಹೋದರೆ ನಾನು ಅವಳಿಗೆ ಏನಾಗಿದ್ದೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಬೆಳಕು ಹರಿಯುವಾಗ ಸ್ಕೂಟರ್ ತೆಗೆದುಕೊಂಡು ಹೋದೆ. ನೆಲ್ಲು ತೆನೆ ಬಿಡುವ ಹೊತ್ತು, ಗದ್ದೆಯ ಮೇಲೆ ಔಷಧಿ ಹೊಡೆದ ವಾಸನೆ. ಮಡುವಿನಲ್ಲಿ ಮೀನು ಆಡುತ್ತಿದ್ದವು, ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದು ಅಳಿಸುತ್ತಿದ್ದವು. ಬಿಳಿಯನನ್ನು ಮುಟ್ಟದೆ, ಮೊದಲು ಬೇರೆ ದಾರ ತೆಗೆದು ಕೆಂಚನನ್ನು ಕಟ್ಟಲು ಕುಳಿತೆ. ಸತ್ತ ಬೆರಳಿನಲ್ಲಿ ನೈಲಾನ್ ದಾರ ಹಿಡಿಯುವುದೆಂದರೆ ಕೈಗೆ ಕಂಬಳಿ ಸುತ್ತಿಕೊಂಡು ಸಾಸಿವೆ ಆರಿಸಿದ ಹಾಗೆ. ಹೇಗೋ ಬಿಗಿದೆ. ಹಾಕಿದ ಕೂಡಲೇ ಮೀನು ಮೇಲೆ ಬಂತು, ಕೋಲು ಎತ್ತಿದೆ, ಬರೀ ದಾರ ಬಂತು. ಗಂಟು ಜಾರಿತ್ತು. ಕೆಂಚ ಮೀನಿನ ಬಾಯಲ್ಲಿ ಹೋದ.

ಮಾಸನನ್ನು ಕಟ್ಟಿದೆ. ಅವಳ ಹಾಗೆ ಉಗುಳು ಹಚ್ಚಿದೆ, ಹಲ್ಲಿನಿಂದ ಎಳೆದೆ. ಬೀಸುವಾಗ ಹಿಂದಿನ ಜಾಲಿ ಗಿಡಕ್ಕೆ ಸಿಕ್ಕಿ, ಜಗ್ಗಿದರೆ ಅದೂ ಬಿಚ್ಚಿಕೊಂಡು ಮೇಲೆ ಟೊಂಗೆಯಲ್ಲೇ ಉಳಿಯಿತು. ಎಲಾ ನಿನ್ನ ಎಂದು ಗಿಡಕ್ಕೆ ಬೈದೆ. ಬಾಯಿ ಬೈದಿತು, ಸಿಟ್ಟು ಬರಲಿಲ್ಲ.

ಅಷ್ಟರಲ್ಲಿ ಕ್ಯಾಂಪಿನ ಗೆಳೆಯ ಸೈಕಲ್ ಮೇಲೆ ಬಂದ. ಅವನ ಹಿರಿಯರು ಬಂಗಾಳದಿಂದ ಬಂದು ಇಲ್ಲಿ ನೆಲೆಸಿದವರು. ಅವನು ನೆಲ್ಲು ಬೆಳೆಯುತ್ತಾನೆ, ಅವನ ಮಕ್ಕಳ ಬಟ್ಟೆ ಹೊಲಿದವನು ನಾನೇ. ಸೈಕಲ್‌ಗೆ ಬಲೆಯ ಚೀಲ, ಅದರಲ್ಲಿ ತೋಳಿನಷ್ಟು ದಪ್ಪದ ಕಟ್ಲಾ ಮೀನು. ಜಾಲಿಯಲ್ಲಿ ತೂಗುವ ಮಾಸನನ್ನೂ, ನನ್ನ ಮುಖವನ್ನೂ ನೋಡಿದ.

‘ದಾದಾ, ಇವತ್ತ ಬೌದಿಗೆ ಅಲ್ಲೇನು?’ ಎಂದ. ಅವರಲ್ಲಿ ಅತ್ತಿಗೆಗೆ ಹಾಗೆ ಅನ್ನುತ್ತಾರೆ. ‘ಇದನ್ನ ಒಯ್ರಿ. ತಾಜಾ ಐತಿ.’

‘ಬ್ಯಾಡಪಾ. ಆಕಿ ಇದನ್ನ ತಿನ್ನಂಗಿಲ್ಲ.’

ತಿನ್ನಂಗಿಲ್ಲ ಎಂದೆ, ಈಗಲೂ ಮನೆಯಲ್ಲಿ ಕಾಯುತ್ತಿರುವವಳ ಬಗ್ಗೆ ಹೇಳಿದ ಹಾಗೆ. ಅವನು ಸರಿಪಡಿಸಲಿಲ್ಲ. ಸೈಕಲ್ ಏರಿ ಹೋದ.

ಉಳಿದವನು ಬಿಳಿಯ. ಕೋಲಿನಿಂದ ದಾರ ಬಿಚ್ಚಿದೆ. ಗಂಟು ಸಾಸಿವೆ ಕಾಳಿನಷ್ಟು, ತುದಿಯಲ್ಲಿ ಹಲ್ಲು ಕಡಿದ ಗುರುತು. ಜೇಬಿನಿಂದ ಮೇಣ ತೆಗೆದು ಗರಿಗೆ ಸವರಿದೆ, ಗಂಟಿಗೆ ಮುಟ್ಟಿಸಲಿಲ್ಲ. ನೀರಿಗೆ ಬಿಟ್ಟೆ. ಬಿಳಿಯ ಮಡುವಿನ ಸುಳಿಯಲ್ಲಿ ಒಂದು ಸುತ್ತು ಬಂದು ಅಂಚಿಗೆ ಸರಿದ. ಮೀನು ಮೇಲೆ ಬಂದದ್ದು ಕಂಡಿತು, ಎತ್ತಿದೆ, ಬಂತು. ಮತ್ತೆ ಬಿಟ್ಟೆ, ಮತ್ತೆ ಬಂತು. ಗಂಟು ಒಂದು ಸಲವೂ ಜಾರಲಿಲ್ಲ. ಹೊತ್ತು ಏರುವಷ್ಟರಲ್ಲಿ ಒಂದು ತಾಟಿಗೆ ಆಗುವಷ್ಟು ಮೀನು ಚೀಲದಲ್ಲಿತ್ತು. ಖುಷಿ ಆಗಬೇಕಿತ್ತು. ಆಗಲಿಲ್ಲ. ಕೆಲಸ ಆಯಿತು ಎಂದಷ್ಟೇ ಅನಿಸಿತು.

ಕೊನೆಯ ಮೀನಿನ ಬಾಯಿಂದ ಗಾಳ ಬಿಡಿಸಿ ಚೀಲಕ್ಕೆ ಹಾಕುವಾಗ, ಮೀನಿನ ಬಿಳಿ ಮೈ ಮೇಲೆ ರಕ್ತ ಕಂಡಿತು. ಇಷ್ಟು ಸಣ್ಣ ಮೀನಿಗೆ ಇಷ್ಟು ರಕ್ತ ಎಲ್ಲಿಂದ ಎಂದು ನೋಡಿದರೆ, ಅದು ನನ್ನದು. ಬಿಳಿಯ ನನ್ನ ಹೆಬ್ಬೆರಳಿನಲ್ಲಿ ಅರ್ಧ ಇಳಿದಿದ್ದ. ಯಾವಾಗ ಇಳಿದನೋ ತಿಳಿದಿರಲಿಲ್ಲ. ಎಳೆದೆ, ಬರಲಿಲ್ಲ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ತಿರುಗಿದ ಚೂಪು ಇರುತ್ತದೆ, ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಗಂಟಿನಿಂದ ಸ್ವಲ್ಪ ಮೇಲೆ ದಾರ ಕತ್ತರಿಸಿದೆ. ಮೀನುಗಳನ್ನು ಕಾಲುವೆಯಲ್ಲಿ ಚೆನ್ನಾಗಿ ತೊಳೆದೆ. ಜೇಬಿನಲ್ಲಿದ್ದ ಅಸ್ತರಿನ ಚೂರನ್ನು ಬೆರಳಿಗೆ ಸುತ್ತಿ ಮನೆಗೆ ಬಂದೆ. ಮಗಳು ಏನಾಯಿತು ಎಂದಳು. ಜಾಲಿ ಮುಳ್ಳು ತರಚಿತು ಎಂದೆ. ಅವಳಿಗೆ ಅಡುಗೆಯ ಗಡಿಬಿಡಿ, ಹೆಚ್ಚು ಕೇಳಲಿಲ್ಲ.

ಎಡೆ ಇಡುವ ತನಕ ಯಾರೂ ರುಚಿ ನೋಡಬಾರದು. ಉಪ್ಪು ಸರಿಯಾಯಿತೋ ಇಲ್ಲವೋ, ಅದು ಮೊದಲು ಹಿರಿಯರಿಗೇ ಗೊತ್ತಾಗಬೇಕು. ಮಗಳು ಅವರವ್ವನ ಹಾಗೇ ಜೋಳದ ಹಿಟ್ಟು ಹಚ್ಚಿ ಕರಿದಳು. ಮಣೆಯ ಮೇಲೆ ಫೋಟೊ, ಹಸಿರು ಸೀರೆ, ನಾನು ಹೊಲಿದ ಕುಪ್ಪಸ, ಬಳೆ. ಮುಂದೆ ಬಾಳೆ ಎಲೆ, ಎಲೆಯ ತುಂಬ ಅಡುಗೆ, ನಡುವೆ ಮೀನು. ಅಕ್ಕ ಕೆಂಡದ ಮೇಲೆ ಲೋಬಾನ ಹಾಕಿದಳು. ಹೊಗೆ ಎದ್ದಿತು, ಕರಿದ ಮೀನಿನ ವಾಸನೆಯೊಂದಿಗೆ ಬೆರೆತು ಮನೆಯೆಲ್ಲ ತುಂಬಿತು. ಅದು ನನ್ನ ಮನೆಯ ವಾಸನೆ. ಇಷ್ಟು ತಿಂಗಳು ಎಲ್ಲಿತ್ತೋ.

ಆಮೇಲೆ ನಮ್ಮಲ್ಲಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಣ್ಣುತ್ತಾರೆ, ಮಂದಿ ಇದ್ದರೆ ನಾಚುತ್ತಾರೆ. ಹೊರಗೆ ಕೂತವರು ಮಾತಾಡಬಾರದು. ಅವರು ಉಂಡರು ಎನ್ನುವಷ್ಟು ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ನಾವು ಮೂವರೂ ಕಟ್ಟೆಯ ಮೇಲೆ ಕೂತೆವು. ಅಕ್ಕ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಓಣಿಯಲ್ಲಿ ಯಾರೋ ಬೈಕ್ ಚಾಲೂ ಮಾಡಿದರು.

ಮಗಳು ನನ್ನ ಕೈ ನೋಡಿದಳು. ಚೂರು ಬಟ್ಟೆ ಪೂರ್ತಿ ಕೆಂಪಾಗಿತ್ತು. ನನ್ನ ಕೈ ತನ್ನ ಮಡಿಲಿಗೆ ಎಳೆದುಕೊಂಡು ಬಿಚ್ಚಿದಳು. ಹೆಬ್ಬೆರಳಲ್ಲಿ ಗಾಳ, ಅದರ ಕೊರಳಲ್ಲಿ ಅವರವ್ವನ ಗಂಟು. ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದಳು, ಒಂದು ಕೈಯಲ್ಲಿ ನನ್ನ ಮಣಿಕಟ್ಟು ಬಿಗಿ ಹಿಡಿದು, ಇನ್ನೊಂದರಲ್ಲಿ ಒಂದೇ ಸಲಕ್ಕೆ ಕಿತ್ತಳು. ರಕ್ತ ಬಂತು. ನನಗೆ ಏನೂ ತಿಳಿಯಲಿಲ್ಲ. ಅವಳೇ ಅಳುತ್ತ, ನನ್ನ ಬೆರಳಿಗೆ ಉಫ್ ಉಫ್ ಎಂದು ಊದುತ್ತ, ಪಿಸುಗುಟ್ಟಿದಳು: ‘ನೂವಾತೇನಪ್ಪಾ?’

‘ಹೂಂ. ಭಾಳ ನೂವಾಗಾಕತ್ತೈತವಾ’ ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ‘ಬೆರಳಲ್ಲ. ಬೆರಳಿಗೇನೂ ಆಗಿಲ್ಲ. ಆಕಿ ಇಲ್ಲ. ಆಕಿ ಇಲ್ಲಲ್ಲವಾ ಮನ್ಯಾಗ’ ಎಂದೆ. ಎಷ್ಟೋ ತಿಂಗಳಿಂದ ನಿಂತದ್ದು ಒಮ್ಮೆಗೇ ಬಂತು. ಕಟ್ಟೆಯ ಮೇಲೆ, ಓಣಿಯವರ ಎದುರು, ಬಾಯಿ ಬಿಟ್ಟು ಅತ್ತೆ.

ಮಾತಾಡಬಾರದು ಎಂದು ಸನ್ನೆ ಮಾಡಿದ್ದ ಅಕ್ಕನೇ ಸರಿದು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು. ‘ಅಳಪಾ. ಜೋರ ಅಳು. ಒಳಗ ಕುಂತಾಳ, ಕೇಳ್ಲಿ’ ಎಂದಳು.

ಬಹಳ ಹೊತ್ತಾಯಿತು. ಅಕ್ಕ ಸೆರಗಿನಿಂದ ತನ್ನ ಮುಖ ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡು ಬಾಗಿಲು ತಟ್ಟಲು ಎದ್ದಳು. ನಾನು ಅವಳ ಸೀರೆಯ ಅಂಚು ಹಿಡಿದು ಎಳೆದೆ.

‘ಇನ್ನೊಂದೀಟು ತಡಿಯಬೇ ಅಕ್ಕಾ’ ಎಂದೆ. ‘ಮುಳ್ಳಿನ ಮೀನ ಅದು. ಆಕಿದು ಇನ್ನೂ ಆಗಿರಂಗಿಲ್ಲ.’

ಅಕ್ಕ ಬಾಗಿಲ ಕಡೆ ನೋಡಿದಳು. ಮತ್ತೆ ಬಂದು ನನ್ನ ಪಕ್ಕ ಕೂತಳು.